ರೈಲಿಗೆ ಸೈಕಲ್ ಹತ್ತಿಸುವುದು ಇಷ್ಟು ಕಷ್ಟವಾ?

ಸಂಪಾದಕರೇ,

ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಬಾವನೂ ಮೂರು ದಿನ ಕಾಸರಗೋಡು ಜಿಲ್ಲೆಯ ಒಳದಾರಿಗಳಲ್ಲಿ ಸೈಕಲ್ ತುಳಿದೆವು. ಇಬ್ಬರಿಗೂ ಐವತ್ತು ದಾಟಿದೆ. ಹಾಗಾಗಿ ಹೆದ್ದಾರಿ ಬೇಡ, ದೂರ ಜಾಸ್ತಿ ಇದ್ದಲ್ಲಿ ಸೈಕಲ್ ಸಮೇತ ರೈಲು ಹತ್ತುವುದು ಅಂತ ಮೊದಲೇ ಮಾತಾಗಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕೋಟಿಕುಳಂ, ಬೇಕಲ ಕೋಟೆ ಅಂತ ಸ್ವಲ್ಪ ಸ್ವಲ್ಪ ದೂರಕ್ಕೆ ನಿಲ್ದಾಣ ಇರುವ ನಮ್ಮ ಜಿಲ್ಲೆ ಇಂಥ ತಿರುಗಾಟಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ತುಳಿದ ದಾರಿ ಚೆನ್ನಾಗಿಯೇ ಇತ್ತು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ನೋಡಿ ಹೊರಟೆವು. ಕುಂಬಳೆಯಿಂದ ಅನಂತಪುರದ ಸರೋವರ ದೇವಸ್ಥಾನಕ್ಕೆ ಬರೀ ಐದಾರು ಕಿಲೋಮೀಟರ್, ಆದರೆ ಮುರಕಲ್ಲಿನ ಪದವು, ಅಂದರೆ ಬೋಳು ಗುಡ್ಡ, ಹತ್ತುವಾಗ ಇಬ್ಬರೂ ಇಳಿದು ಸೈಕಲ್ ದೂಡಿದೆವು, ನೆರಳೂ ಇಲ್ಲ. ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲಿ ತೀರಿಹೋಗಿದ್ದು ಗೊತ್ತಿದ್ದೂ ಬಾವ ಸುಮ್ನೆ ಕೆರೆಯನ್ನೇ ನೋಡುತ್ತ ನಿಂತರು. ಮರುದಿನ ಅಡಿಕೆ ತೋಟಗಳ ನಡುವೆ ಮಧೂರಿಗೆ ಹೋದೆವು, ನಡುವೆ ಎರಡು ಕಡೆ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ.

ಕಷ್ಟ ಶುರುವಾದದ್ದು ಬೇಕಲಕ್ಕೆ ಹೊರಟಾಗ. ಯಾವ ನಿಲ್ದಾಣ ಅಂತ ಬರೆಯುವುದಿಲ್ಲ, ಅಲ್ಲಿದ್ದವರ ತಪ್ಪೂ ಅಲ್ಲ. ಸೈಕಲನ್ನು ಲಗೇಜ್ ಅಂತ ಬುಕ್ ಮಾಡಿ, ರಶೀದಿ ಪಡೆದು, ಲಗೇಜ್ ವ್ಯಾನಿಗೆ ಹಾಕಬೇಕಂತೆ. ಸರಿ. ಆದರೆ ನಾವು ಇಳಿಯುವ ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ, ಅಷ್ಟರಲ್ಲಿ ವ್ಯಾನಿನ ಬಾಗಿಲು ತೆಗೆದು ಸೈಕಲ್ ಇಳಿಸುವವರು ಯಾರು? "ಅಲ್ಲಿಗೆ ಬುಕ್ ಮಾಡುವುದಿಲ್ಲ" ಅಂದರು. ಕಡೆಗೆ ಏಳುನೂರು ರೂಪಾಯಿ ಕೊಟ್ಟು ಎರಡೂ ಸೈಕಲನ್ನು ಪಿಕಪ್‌ನಲ್ಲಿ ಕಳಿಸಿ, ನಾವು ಹತ್ತು ರೂಪಾಯಿ ಟಿಕೆಟಿನಲ್ಲಿ ರೈಲು ಹತ್ತಿದೆವು. ಕೆಳದಿಯ ನಾಯಕರು ಕಟ್ಟಿಸಿದ ಬೇಕಲ ಕೋಟೆಯ ಬಾಗಿಲಲ್ಲಿ ಸೈಕಲ್ ಎಲ್ಲಿ ಬಂತು ಅಂತ ಫೋನ್ ಮಾಡುತ್ತ ಅರ್ಧ ಸಂಜೆ ಹೋಯಿತು.

ತುಳಿದೇ ಹೋಗಬಹುದಿತ್ತಲ್ಲ ಅಂತ ಕೇಳುವವರು ಒಮ್ಮೆ ಆರು ಪಥದ ಹೆದ್ದಾರಿಯ ಪಕ್ಕದ ಸರ್ವಿಸ್ ರೋಡಿನಲ್ಲಿ ಸೈಕಲ್ ಬಿಟ್ಟು ನೋಡಲಿ, ಎದುರಿಂದಲೂ ಬಸ್ಸು, ಹಿಂದಿನಿಂದಲೂ ಬಸ್ಸು.

ನಮ್ಮದೇ ರಾಜ್ಯದ ಕೊಚ್ಚಿ ಮೆಟ್ರೋದಲ್ಲಿ 2020ರಿಂದಲೇ ಸೈಕಲ್ ಒಳಗೆ ತರಲು ಬಿಡುತ್ತಾರೆ, ದುಡ್ಡೂ ಇಲ್ಲ. ಇಲ್ಲಿ ಬೆಳಗ್ಗೆ ಸಂಜೆ ಮಂಗಳೂರಿಗೆ ಓದಲು, ಕೆಲಸಕ್ಕೆ, ಆಸ್ಪತ್ರೆಗೆ ಹೋಗಿ ಬರುವವರ ನೂಕಾಟ, ಆಗ ಬೇಡವೇ ಬೇಡ. ಮಧ್ಯಾಹ್ನದ ಪ್ಯಾಸೆಂಜರ್ ರೈಲಿನ ಕೊನೆಯ ಡಬ್ಬಿಯಲ್ಲಿ ನಾಲ್ಕು ಸೈಕಲ್ ನಿಲ್ಲಿಸಲು ಬಿಡಲಿ, ಬೇಕಾದರೆ ಅದಕ್ಕೂ ಟಿಕೆಟ್ ಕೊಡಲಿ. ನಮ್ಮ ಸಂಸದರು ಇದನ್ನೊಮ್ಮೆ ರೈಲ್ವೆಯವರ ಕಿವಿಗೆ ಹಾಕಬೇಕು.

ಬರುವ ಡಿಸೆಂಬರಿಗೆ ನೀಲೇಶ್ವರದ ಕಡೆ ಹೋಗುವ ಯೋಚನೆ ಇದೆ. ಬಾವ ಈಗಲೇ ಮಡಚುವ ಸೈಕಲ್ಲಿನ ರೇಟು ಕೇಳುತ್ತಿದ್ದಾರೆ. ನಾನು ಮಾತ್ರ ನನ್ನ ಹಳೇ ಸೈಕಲ್ ಬಿಡುವುದಿಲ್ಲ.

– ಒಬ್ಬ ಓದುಗ, ಮಂಜೇಶ್ವರ