ಮಾತು ನಿಂತರೆ ಬುದ್ಧಿ ಹೋದಂತಲ್ಲ

ಮಾನ್ಯರೇ,

ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ ಬುದ್ಧಿಯೇ ಹೋಯಿತೆಂದು ತಿಳಿದು, ಅವರೆದುರೇ ಅವರ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಇದು ಕ್ರೌರ್ಯ. 1861ರಲ್ಲೇ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂದಷ್ಟೇ ನುಡಿಯುತ್ತಿದ್ದ ರೋಗಿಯ ಮಿದುಳನ್ನು ಆತ ತೀರಿಕೊಂಡ ಮೇಲೆ ಪರೀಕ್ಷಿಸಿ, ಎಡ ಮುಂಭಾಗಕ್ಕೆ ಹಾನಿಯಾಗಿದ್ದನ್ನು ತೋರಿಸಿದರು. ಆ ರೋಗಿಗೆ ಬೇರೆಯವರು ಆಡಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು! ನಮ್ಮ ದೊಡ್ಡಮ್ಮನಿಗೂ ‘ನೀರು’ ಎನ್ನಲು ನಾಲಿಗೆ ಹೊರಳದು. ದಾಸರ ಪದ ಎತ್ತಿಕೊಟ್ಟರೆ ಮಾತ್ರ ಸಾಲುಸಾಲೇ ಹಾಡುತ್ತಾರೆ. ಇಂಥವರಿಗೆ ವಾಕ್ ಚಿಕಿತ್ಸೆ ಬೇಗ ಶುರುವಾಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ತಜ್ಞರು ತರಬೇತಾಗುತ್ತಾರೆ. ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಅವರನ್ನು ನೇಮಿಸಲಿ.

– ಓದುಗರೊಬ್ಬರು, ತಿಪಟೂರು