ಮೂತ್ರ ಪರೀಕ್ಷೆಗೆ ಜಾಮ್ ಬಾಟಲಿ ಬೇಡ

ಮಾನ್ಯರೇ,

ಉರಿಮೂತ್ರಕ್ಕೆ ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವವರು ಮಂಡ್ಯ ಕಡೆ ಬಹಳ. ನೀರು ಕುಡಿಯುವುದು ಒಳ್ಳೆಯದೇ, ಆದರೆ ಚಳಿಜ್ವರ, ಪಕ್ಕೆನೋವು ಸೇರಿಕೊಂಡರೆ ಸೋಂಕು ಕಿಡ್ನಿಗೆ ಏರಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಉರಿ ಇಲ್ಲದಿದ್ದರೂ ಪರೀಕ್ಷೆ ತಪ್ಪಿಸಬಾರದು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಸ್ಯಾಂಪಲ್ ಹಿಡಿಯುವಾಗ. ಕೈ ತೊಳೆದು, ಆ ಜಾಗವನ್ನೂ ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನ 20–30 ಎಂ.ಎಲ್. ಹಿಡಿಯಬೇಕು. ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ಜಾಮ್ ಬಾಟಲಿ ಎಷ್ಟು ತಿಕ್ಕಿದರೂ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಆಗದು. ಮಳವಳ್ಳಿಯಿಂದ ಬಿಸಿಲಲ್ಲಿ ಬಸ್ಸಿನಲ್ಲಿ ತಂದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಇಲ್ಲದ ಸೋಂಕು ಕಾಣಿಸೀತು. 2 ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ ಫ್ರಿಜ್‌ನಲ್ಲಿಡಬೇಕು. ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಆಮೇಲೆ ಕಲ್ಚರ್‌ಗೆ ಕೊಟ್ಟರೆ ಏನೂ ಬೆಳೆಯದೇ ಹೋಗಬಹುದು.

ರಿಪೋರ್ಟಿನಲ್ಲಿ ಎಪಿಥೀಲಿಯಲ್ ಸೆಲ್ಸ್ (ಚರ್ಮ, ಒಳಪದರದ ಜೀವಕೋಶಗಳು) ಜಾಸ್ತಿ ಇದ್ದರೆ ಸಾಮಾನ್ಯವಾಗಿ ಹೊರಗಿನದು ಬೆರೆತಿದೆ ಎಂದರ್ಥ. ಮತ್ತೆ ಕೊಡುವುದೇ ಲೇಸು. ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ಉಂಟುಮಾಡುವ ವಸ್ತು) ನೆಗೆಟಿವ್, ಸೋಂಕಿಲ್ಲ ಎಂದು ಹಿಗ್ಗುವುದೂ ಬೇಡ. ಅದು ತೋರಲು ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ಗಂಟೆ ನಿಂತಿರಬೇಕು. ಉರಿಯಿಂದ ಗಳಿಗೆಗೊಮ್ಮೆ ಎದ್ದು ಹೋಗುವವರಲ್ಲಿ ನಿಲ್ಲುವುದಾದರೂ ಎಲ್ಲಿ? (ಕೆಂಪು ಕಂಡು ಗಾಬರಿಯಾಗುವ ಮುನ್ನ ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದಿರಾ, ನೆನಪಿಸಿಕೊಳ್ಳಿ.)

ಡಬ್ಬಿ ಕೊಟ್ಟು ‘ಹಿಡ್ಕೊಂಡ್ ಬನ್ನಿ’ ಎಂದರೆ ಸಾಲದು. ಹಿಡಿಯುವ ಕ್ರಮವನ್ನು ಲ್ಯಾಬ್‌ಗಳು ಕನ್ನಡದಲ್ಲಿ ಅಚ್ಚು ಹಾಕಿಸಿ ಶೌಚಾಲಯದ ಬಾಗಿಲಿಗೆ ಅಂಟಿಸಲಿ.

– ಲ್ಯಾಬ್ ಟೆಕ್ನೀಷಿಯನ್ನರು, ಮಂಡ್ಯ