ಅಕ್ಕನಿಗೂ, ನಿಮ್ಮೆಲ್ಲರಿಗೂ

ಕಳೆದ ಶುಕ್ರವಾರ ಕಾಲೇಜಿನಿಂದ ನಿವೃತ್ತಳಾದೆ. ಅವತ್ತಿನಿಂದ ಮೆಸೇಜ್‌ಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತರೆ ಕಣ್ಣು ತುಂಬಿಕೊಳ್ಳುತ್ತದೆ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಸಮಾಜಕಾರ್ಯ ವಿಭಾಗದ ಗೆಳೆಯರಿಗೆ, ಬಿಸಿಲು ಮಳೆ ಅನ್ನದೆ ಫೀಲ್ಡ್‌ವರ್ಕ್‌ಗೆ ಬಂದ ಎಂ.ಎಸ್.ಡಬ್ಲ್ಯೂ. ಮಕ್ಕಳಿಗೆ, ಅವರಿಗೆ ತಾಳ್ಮೆಯಿಂದ ಕಲಿಸಿಕೊಟ್ಟ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದವರಿಗೆ, ತಡವಾದಾಗ ಊಟ ಮಾಡದೆ ಕಾದ ಮನೆಯವರಿಗೆ, ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್.

ಈಗ ಅಕ್ಕನ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ. ನಾವು ಫೀಲ್ಡ್‌ವರ್ಕ್ ಮಾಡುವ ಪೌರಕಾರ್ಮಿಕರ ಕಾಲೋನಿಯವರು. ನಮ್ಮ ಹುಡುಗರ ಕೈಯಲ್ಲಿದ್ದ ಲಿವರ್ ಚಿತ್ರದ ಚಾರ್ಟ್ ನೋಡಿ ಅವರು ಕೇಳಿದ್ದು ಇಷ್ಟೇ: "ಕುಡಿದ್ರೆ ಸಾಯ್ತಾರೆ ಅಂತ ನಮಗೆ ಗೊತ್ತಿಲ್ವಾ ಮೇಡಂ? ಮೋರಿಗೆ ಇಳಿಯೋನಿಗೆ ಆ ವಾಸನೆ ತಡೆಯೋಕೆ ಏನು ಕೊಡ್ತೀರಾ, ಅದು ಹೇಳಿ."

ಆಮೇಲೆ ಮನೆ ಮನೆಗೂ ಅವರೇ ಕರೆದುಕೊಂಡು ಹೋದರು. ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಲ್ಲಿ ಬಾಟಲಿ ಇಡುವ ಮನೆ ಯಾವುದು, ಅಲ್ಲಿ ಹೋಗಿ ಮದ್ಯ ಕೆಟ್ಟದ್ದು ಅಂತ ಭಾಷಣ ಮಾಡಿದರೆ ಅವರ ಅಪ್ಪ ತಾತನನ್ನೇ ಬೈದ ಹಾಗೆ ಯಾಕಾಗುತ್ತದೆ, 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಪ್ಯಾಕೆಟ್ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ಹೇಗೆ ಹೋದರು, ಎಲ್ಲಾ ಅವರಿಂದಲೇ ಕೇಳಿದ್ದು. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಒಂದು ತೊಟ್ಟೂ ಮುಟ್ಟದ ಗಂಡಸರು ಅಲ್ಲಿ ಎಷ್ಟೋ ಜನ. "ಬಿಡೋಕೆ ಆಗುತ್ತೆ ಅಂತ ಅವರಿಗೇ ಗೊತ್ತು. ಮಾಲೆ ತೆಗೆದ ದಿನ ಯಾರಾದ್ರೂ ಪಕ್ಕದಲ್ಲಿ ಇರಬೇಕು" ಅನ್ನುತ್ತಿದ್ದರು. ವ್ಯಸನ ತಡೆಯ ಬಗ್ಗೆ ನಾನು ಮಾಡಿದ ಪಾಠವೆಲ್ಲ ಈ ಮಾತಿನಿಂದಲೇ ಬೆಳೆದದ್ದು.

ನನ್ನ ತಮ್ಮನ ಕಥೆ ಹತ್ತಿರದವರಿಗೆ ಗೊತ್ತು, ಪೂರ್ತಿ ಹೇಳುವುದಿಲ್ಲ. ಇಷ್ಟನ್ನೂ ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಾಲೆ ಹಾಕಿ ಮೂರನೇ ರಾತ್ರಿ. ಕೈ ನಡುಗುತ್ತಿತ್ತು, ಮೈಯೆಲ್ಲಾ ಬೆವರು. ಕಪ್ಪು ಪಂಚೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಪಕ್ಕಕ್ಕೆ ಇಡುತ್ತಿದ್ದ. ಮನೆಯವರು ಸ್ವಾಮಿ ಮೈಮೇಲೆ ಬಂದಿದೆ ಅಂದರು. ಮಾಲೆ ಹಾಕಿದವನನ್ನು ಆಸ್ಪತ್ರೆಗೆ ಒಯ್ಯಬಾರದು ಅಂದರು. ಇದು ಕುಡಿತ ಏಕಾಏಕಿ ನಿಲ್ಲಿಸಿದ್ದರಿಂದ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಅಂತ ನಾನು ಅರಚಿಕೊಂಡರೂ ಯಾರೂ ಕೇಳಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲಿ ಆಟೋ ಹಿಡಿದು ಬಂದರು. ಯಾರ ಜೊತೆಗೂ ವಾದ ಮಾಡಲಿಲ್ಲ. ಮೊದಲು ತಮ್ಮನ ಮುಂದೆ ಕೈ ಮುಗಿದು "ಸ್ವಾಮಿ ಶರಣಂ" ಅಂದರು. ಆಮೇಲೆ ಅವನ ಗುರುಸ್ವಾಮಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. "ಮೊದಲು ಜೀವ ಉಳಿಸ್ರಪ್ಪಾ, ನಾನೂ ಬರ್ತೀನಿ" ಅಂದರು ಗುರುಸ್ವಾಮಿ. ಬೇಡ ಅಂದವರೇ ತಮ್ಮನನ್ನು ಎತ್ತಿ ಆಟೋದಲ್ಲಿ ಕೂರಿಸಿದರು.

ಬೆಳಗಾಗುವವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ನನ್ನ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ಇವನು ಹೋದರೆ ನಾನು ಯಾವ ಮುಖ ಇಟ್ಟುಕೊಂಡು ಪಾಠ ಮಾಡಲಿ ಅಂತ ಕೇಳಿದೆ. "ಈಗ ಅಳಿ ಮೇಡಂ. ಪಾಠ ನಾಳೆ ನೋಡೋಣ" ಅಂದರು. ತುಂಬಾ ಹೊತ್ತಿನ ಮೇಲೆ, ಗೋಡೆ ನೋಡಿಕೊಂಡು, "ನಮ್ಮ ಯಜಮಾನ್ರಿಗೂ ಹಿಂಗೇ ಆಗಿತ್ತು. ಯಾರೂ ಕರ್ಕೊಂಡು ಹೋಗ್ಲಿಲ್ಲ" ಅಂದರು. ಅಷ್ಟು ವರ್ಷ ಜೊತೆಯಲ್ಲಿ ಓಡಾಡಿದರೂ ಅದನ್ನು ಹೇಳಿದ್ದು ಅವತ್ತೇ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಅಲ್ಲಿಂದ ಅವರು ನೇರ ಕೆಲಸಕ್ಕೆ ಹೋದರು, ಮನೆಗೂ ಹೋಗಲಿಲ್ಲ.

ತಮ್ಮ ಈಗ ಚೆನ್ನಾಗಿದ್ದಾನೆ. ನಡುವೆ ಜಾರಿದ್ದೂ ಇದೆ, ಮತ್ತೆ ಎದ್ದಿದ್ದೂ ಇದೆ.

ಒಂದು ವಿಷಯ ಮಾತ್ರ ದಯವಿಟ್ಟು ಎಲ್ಲರಿಗೂ ತಿಳಿಸಿ. ದಿನವೂ ಜಾಸ್ತಿ ಕುಡಿಯುವವರು ಮಾಲೆ ಹಾಕುವ ಮೊದಲೇ ಡಾಕ್ಟರನ್ನು ಕಾಣಲಿ. ಬಿಟ್ಟ ಮೊದಲ ಮೂರು ನಾಲ್ಕು ದಿನ ತುಂಬಾ ಅಪಾಯ, ಆ ದಿನಗಳನ್ನು ದಾಟಿಸಲು ಔಷಧಿ ಇದೆ, ವಿಟಮಿನ್ ಬಿ1 ಇಂಜೆಕ್ಷನ್ ಇದೆ. ವ್ರತಕ್ಕೆ ಇದರಿಂದ ಏನೂ ಭಂಗವಿಲ್ಲ ಅಂತ ಗುರುಸ್ವಾಮಿಗಳೇ ಹೇಳಿದರೆ ಜನ ಕೇಳುತ್ತಾರೆ. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗುವುದಿಲ್ಲ.

ನವೆಂಬರ್‌ನಲ್ಲಿ ಮಾಲೆ ಹಾಕುವ ಸಮಯಕ್ಕೆ ಮುಂಚೆ ಒಂದು ಭಾನುವಾರ ಕಾಲೋನಿಯಲ್ಲಿ ಸೇರುತ್ತಿದ್ದೇವೆ. ಗುರುಸ್ವಾಮಿ ಬರಲು ಒಪ್ಪಿದ್ದಾರೆ. ಒಬ್ಬರು ಡಾಕ್ಟರ್ ಬೇಕು, ಬಿಪಿ ನೋಡುವ ಮಿಷನ್ ಬೇಕು. ಮಾಲೆ ತೆಗೆದ ಮೇಲೂ ವಾರಕ್ಕೊಮ್ಮೆ ಮನೆಗಳಿಗೆ ಹೋಗಿ ಬರುವ ಹಳೆಯ ವಿದ್ಯಾರ್ಥಿಗಳು ಬೇಕು. ಬರುವವರು ನನಗೆ ತಿಳಿಸಿ. ಯಾರು ಯಾವ ಮನೆಗೆ ಹೋಗಬೇಕು ಅನ್ನುವುದನ್ನು ಅಕ್ಕ ಹೇಳುತ್ತಾರೆ.